ಊರಿನ ಪಂದ್ಯಾವಳಿಗಳಲ್ಲಿ ಬರೆದ ನಡೆಗಳ ಹಾಳೆಗಳು ಎಲ್ಲಿ ಹೋದವು?

ಹಳೆಯ ಹಾಳೆ (ಸಾಗರ):

ನಮ್ಮ ಊರಿನ ಎರಡು ತಲೆಮಾರಿಗೆ ಚದುರಂಗ ಕಲಿಸಿದ ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ, ಅವರ ಮಕ್ಕಳು ಮನೆ ಖಾಲಿ ಮಾಡುವಾಗ ಅಟ್ಟದಲ್ಲಿದ್ದ ತಗಡಿನ ಪೆಟ್ಟಿಗೆಯೊಂದನ್ನು ನನಗೆ ಒಪ್ಪಿಸಿದರು. ಅದರೊಳಗೆ ಆಟದ ನಡೆಗಳನ್ನು ಬರೆದ ಇನ್ನೂರಕ್ಕೂ ಹೆಚ್ಚು ಸ್ಕೋರ್‌ಶೀಟುಗಳಿವೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ, ಮಡಿಸಿದಲ್ಲಿ ಹರಿಯತೊಡಗಿರುವ ಕಾರ್ಬನ್ ಪ್ರತಿಗಳು ಅವು. ಹೆಚ್ಚಿನವು ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಪಂದ್ಯಗಳದ್ದು. ಕೆಲವು ಶಾಲೆಯ ಸಭಾಂಗಣದಲ್ಲಿ, ಒಂದೆರಡು ಮದುವೆಯ ಛತ್ರದಲ್ಲಿ ಆಡಿದವು. ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಮಾತುಗಳಿವೆ. ಒಂದರ ಮೇಲೆ ‘ಇಲ್ಲಿ ಆತುರ’ ಎಂದಷ್ಟೇ ಇದೆ. ಇನ್ನೊಂದರ ಮೇಲೆ ‘ಕುದುರೆಯನ್ನು ಅಂಚಿಗೆ ಕಟ್ಟಿದರೆ ಅದು ಹುಲ್ಲು ತಿನ್ನುತ್ತದೆ, ಯುದ್ಧ ಮಾಡುವುದಿಲ್ಲ’ ಎಂದಿದೆ.

ಇವನ್ನು ಓದುತ್ತ ಕುಳಿತಾಗ ನನಗೆ ಹೊಳೆದದ್ದು ಇಷ್ಟು. ನಮ್ಮ ರಾಜ್ಯದಿಂದ ಗ್ರಾಂಡ್‌ಮಾಸ್ಟರುಗಳು ಬಂದಿದ್ದಾರೆ. 2017ರಲ್ಲಿ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ದೇಶದ ಐವತ್ತನೆಯ ಹಾಗೂ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದರು. ಆಮೇಲೆ ಮೈಸೂರಿನವರೇ ಆದ ಗಿರೀಶ್ ಕೌಶಿಕ್, ನಮ್ಮ ಶಿವಮೊಗ್ಗದ ಸ್ಟ್ಯಾನಿ, ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಇವರ ಆಟಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದು. ಆದರೆ ಇವರು ಹತ್ತು ವರ್ಷದ ಮಕ್ಕಳಾಗಿದ್ದಾಗ ಇವರಿಗೆ ಎದುರಾಗಿ ಕುಳಿತವರ, ಒಮ್ಮೊಮ್ಮೆ ಇವರನ್ನು ಸೋಲಿಸಿಯೂ ಇದ್ದವರ ಆಟಗಳು ಎಲ್ಲಿವೆ? ಭಾರತಕ್ಕೆ 1988ರಲ್ಲಿ ಮೊದಲ ಗ್ರಾಂಡ್‌ಮಾಸ್ಟರ್ ಸಿಕ್ಕ ಮೇಲೆ ನಮ್ಮ ರಾಜ್ಯಕ್ಕೆ ಮೊದಲನೆಯವರು ಸಿಗುವುದಕ್ಕೆ 29 ವರ್ಷ ಹಿಡಿಯಿತು. ಆ 29 ವರ್ಷ ಇಲ್ಲಿ ಯಾರೂ ಆಡಲಿಲ್ಲವೇ? ಆಡಿದರು, ಬರೆದದ್ದು ಉಳಿಯಲಿಲ್ಲ.

ಈ ಚರ್ಚೆಯನ್ನು ಅದಕ್ಕಾಗಿಯೇ ಆರಂಭಿಸುತ್ತಿದ್ದೇನೆ, ಪೆಟ್ಟಿಗೆಯಲ್ಲಿರುವ ಆಟಗಳನ್ನು ಟೈಪು ಮಾಡಿ ಸಂಗ್ರಹಿಸಲೂ ಹೊರಟಿದ್ದೇನೆ. ನಿಮ್ಮ ಊರಿನ ಪಂದ್ಯಾವಳಿಯಲ್ಲಿ ಕಂಡ, ಮನಸ್ಸಿನಿಂದ ಅಳಿಯದ ಒಂದು ಆಟದ ಬಗ್ಗೆ ಬರೆಯಿರಿ. ಹಾಳೆ ಇದ್ದರೆ ಅದರಲ್ಲಿರುವುದನ್ನು ಹೇಳಿ, ಇಲ್ಲದಿದ್ದರೆ ನೆನಪಿದ್ದಷ್ಟು ಹೇಳಿ. ದಯವಿಟ್ಟು ಪೂರ್ತಿ ವಾಕ್ಯಗಳಲ್ಲಿ ಬರೆಯಬೇಕೆಂದು ಕೋರುತ್ತೇನೆ. ‘ಸೂಪರ್ ಗೇಮ್’ ಎಂಬ ಎರಡು ಪದದಿಂದ ಯಾವ ಆಟವನ್ನೂ ಮತ್ತೆ ಕಟ್ಟಲಾಗದು.

ಗಡಿಯಾರದವರು (ಹಾಸನ):

ಆರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರನಾಗಿ ಬಹಳ ವರ್ಷ ಕೆಲಸ ಮಾಡಿದವನಾಗಿ ಮೊದಲು ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದು ಅನೇಕ ಆಟಗಾರರಿಗೆ ಗೊತ್ತಿರುವುದಿಲ್ಲ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮಗಳ ಪ್ರಕಾರ ಸ್ಕೋರ್‌ಶೀಟು ಪಂದ್ಯಾವಳಿ ನಡೆಸುವವರ ಸ್ವತ್ತು, ಆಟಗಾರನದ್ದಲ್ಲ. ಮೇಲಿನ ಹಾಳೆ ನಮಗೆ ಸೇರುತ್ತದೆ, ಕಾರ್ಬನ್ ಪ್ರತಿ ಆಟಗಾರನ ಜೇಬಿಗೆ ಹೋಗುತ್ತದೆ. ಹಾಗಿದ್ದ ಮೇಲೆ ಸಂಘಟಕರ ಬಳಿ ಎಲ್ಲ ಆಟಗಳೂ ಇರಬೇಕಲ್ಲವೇ ಎಂದು ನೀವು ಕೇಳಬಹುದು. ಕೊನೆಯ ಸುತ್ತು ಮುಗಿದ ರಾತ್ರಿ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಉತ್ತರ ಗೊತ್ತು. ಬಹುಮಾನ ವಿತರಣೆ ತಡವಾಗಿರುತ್ತದೆ, ಛತ್ರದವರು ಕೀಲಿಕೈ ಕೇಳುತ್ತಿರುತ್ತಾರೆ, ಮೇಜು ಕುರ್ಚಿ ಬಾಡಿಗೆಯ ಗಾಡಿ ಹೊರಗೆ ಕಾಯುತ್ತಿರುತ್ತದೆ. ಫಲಿತಾಂಶದ ಕಡತ ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತದೆ. ಆಟಗಾರನ ಬಲವನ್ನು ಅಂಕಗಳಲ್ಲಿ ಹೇಳುವ ರೇಟಿಂಗ್ ಲೆಕ್ಕಕ್ಕೆ ಬೇಕಾದದ್ದು ಯಾರು ಯಾರನ್ನು ಗೆದ್ದರು ಎಂಬುದು, ಹೇಗೆ ಗೆದ್ದರು ಎಂಬುದಲ್ಲ. ಹಾಳೆಗಳ ಕಟ್ಟು ಒಂದು ರಟ್ಟಿನ ಡಬ್ಬಿಯೊಳಗೆ ಬಿದ್ದು, ಮರುವರ್ಷ ಅದೇ ಡಬ್ಬಿ ಟ್ರೋಫಿ ಸಾಗಿಸಲು ಬೇಕಾದಾಗ ರದ್ದಿಗೆ ಸೇರುತ್ತದೆ. ನಾನೇ ಹಾಗೆ ಎರಡು ಡಬ್ಬಿಗಳನ್ನು ಕೊಟ್ಟಿದ್ದೇನೆ. ಈಗ ಒಪ್ಪಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಮೂರು ದಿನದ ಕ್ಲಾಸಿಕಲ್ ಪಂದ್ಯಾವಳಿ ನಡೆಸುವುದಕ್ಕಿಂತ ಒಂದೇ ಭಾನುವಾರದಲ್ಲಿ ಮುಗಿಯುವ ರ‍್ಯಾಪಿಡ್ ಪಂದ್ಯಾವಳಿ ನಡೆಸುವುದು ಸಂಘಟಕರಿಗೂ ಪೋಷಕರಿಗೂ ಸುಲಭ. ರ‍್ಯಾಪಿಡ್ ಆಟದಲ್ಲಿ ನಡೆಗಳನ್ನು ಬರೆಯಲೇಬೇಕೆಂಬ ನಿಯಮವಿಲ್ಲ. ಮೊದಲ ಒಂದೆರಡು ಮೇಜುಗಳಲ್ಲಿ ತಾನೇ ನಡೆ ದಾಖಲಿಸುವ ಎಲೆಕ್ಟ್ರಾನಿಕ್ ಬೋರ್ಡು ಇದ್ದರೆ ಆ ಆಟಗಳು ಉಳಿಯುತ್ತವೆ; ಉಳಿದ ನೂರು ಮೇಜುಗಳಲ್ಲಿ ಆಡಿದ್ದು ಕಾಯಿಗಳನ್ನು ಮತ್ತೆ ಜೋಡಿಸಿಟ್ಟ ಕ್ಷಣದಲ್ಲಿ ಅಳಿದುಹೋಗುತ್ತದೆ. ಆದ್ದರಿಂದ ಹಳೆಯ ಕಾಲದವರು ಬರೆದಿಟ್ಟರು, ನಾವು ಕಳೆದೆವು ಎಂದು ಮಾತ್ರ ತಿಳಿಯಬೇಡಿ. ಈಗ ಬರೆಯುವುದೇ ಕಡಿಮೆಯಾಗುತ್ತಿದೆ.

ಎರಡನೇ ಸಾಲಿನ ತಾಯಿ (ಬೆಂಗಳೂರು):

ನಾನು ಆಟಗಾರ್ತಿಯಲ್ಲ. ಮಗಳನ್ನು ಕರೆದುಕೊಂಡು ಹೋಗಿ, ಸಭಾಂಗಣದ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಬಾಗಿಲು ತೆರೆದಾಗಲೆಲ್ಲ ಅವಳ ಮುಖ ನೋಡಿ ಫಲಿತಾಂಶ ಊಹಿಸುವವಳು. ಗಡಿಯಾರದವರ ಮಾತಿಗೆ ಪೋಷಕರ ಕಡೆಯಿಂದ ಒಂದು ಸೇರಿಸುತ್ತೇನೆ. ಕಳೆದ ವರ್ಷ ಒಂದು ಪಂದ್ಯಾವಳಿಯಲ್ಲಿ (ಹೆಸರು ಬೇಡ) ಪ್ರವೇಶ ಶುಲ್ಕದಲ್ಲಿ ಏನನ್ನೂ ಕಡಿಮೆ ಮಾಡದ ಸಂಘಟಕರು ಕಾರ್ಬನ್ ಇರುವ ಜೋಡಿ ಹಾಳೆಯ ಬದಲು ಒಂಟಿ ಹಾಳೆ ಕೊಟ್ಟರು. ಆಟ ಮುಗಿದ ಮೇಲೆ ಅದನ್ನೂ ತೆಗೆದುಕೊಂಡರು. ಮಗಳು ತನಗಿಂತ ಮುನ್ನೂರು ಅಂಕ ಹೆಚ್ಚಿದ್ದ ಹುಡುಗನನ್ನು ಆ ದಿನ ಸೋಲಿಸಿದ್ದಳು. ಫೋಟೋ ತೆಗೆದುಕೊಳ್ಳೋಣವೆಂದರೆ ಸಭಾಂಗಣದೊಳಗೆ ಮೊಬೈಲು ತರುವಂತಿಲ್ಲ, ಮತ್ತು ಆ ನಿಯಮ ಸರಿಯಾದದ್ದೇ. ಮನೆಗೆ ಬರುವ ಬಸ್ಸಿನಲ್ಲಿ ಅವಳು ಟಿಕೇಟಿನ ಹಿಂದೆ, ಆಮೇಲೆ ನನ್ನ ತರಕಾರಿ ಪಟ್ಟಿಯ ಹಿಂದೆ, ನಡೆಗಳನ್ನು ನೆನಪಿನಿಂದ ಬರೆಯತೊಡಗಿದಳು. ಇಪ್ಪತ್ತೆರಡನೆಯ ನಡೆಯ ತನಕ ಸರಿಯಾಗಿ ಬಂತು. ಅಲ್ಲಿಂದ ಮುಂದೆ ಅವಳ ಒಂಟೆ ಎಲ್ಲಿತ್ತೆಂಬುದು ಅವಳಿಗೂ ಗೊತ್ತಾಗಲಿಲ್ಲ.

ಮರುದಿನ ನಾನು ಬರೆದು ಕೇಳಿದಾಗ ಹಾಳೆಗಳನ್ನು ಕಟ್ಟಿ ಒಳಗಿಟ್ಟಿದ್ದೇವೆ, ಹುಡುಕಲು ಜನರಿಲ್ಲ ಎಂಬ ಉತ್ತರ ಬಂತು. ಅವರಿಗೆ ಅದು ಮುನ್ನೂರರಲ್ಲಿ ಒಂದು ಹಾಳೆ. ಹುಡುಕಲು ಒಬ್ಬರನ್ನು ಕೂರಿಸುವುದು ಕಷ್ಟವೇ ಇರಬಹುದು. ಆದರೆ ಹನ್ನೊಂದು ವರ್ಷದ ಹುಡುಗಿಗೆ ಟ್ರೋಫಿಗಿಂತ ಆ ಹಾಳೆಯೇ ಬೇಕಾಗಿತ್ತು.

ಅರವತ್ತನಾಲ್ಕು (ಬೆಂಗಳೂರು):

ಎಲ್ಲರ ಭಾವನೆಗಳನ್ನೂ ಗೌರವಿಸುತ್ತಲೇ ಒಂದು ಭಿನ್ನ ಅಭಿಪ್ರಾಯ ಹೇಳುತ್ತೇನೆ. ಜಿಲ್ಲಾ ಮಟ್ಟದ ಆಟಗಳನ್ನು ಚದುರಂಗದ ಕಂಪ್ಯೂಟರ್ ಎಂಜಿನ್‌ಗೆ ಕೊಟ್ಟು ನೋಡಿದರೆ ಹತ್ತು ನಡೆಗೆ ಎರಡು ದೊಡ್ಡ ತಪ್ಪುಗಳಿರುತ್ತವೆ. ಕಲಿಯುವವನಿಗೆ ಲಕ್ಷಾಂತರ ಉತ್ತಮ ಆಟಗಳು ಉಚಿತವಾಗಿ ಸಿಗುತ್ತಿರುವಾಗ, ತಗಡಿನ ಪೆಟ್ಟಿಗೆಯ ತಪ್ಪು ಆಟಗಳನ್ನು ಟೈಪು ಮಾಡಿಸುವ ಶ್ರಮ ಯಾರಿಗೆ ಉಪಯೋಗ? ಆ ಸಮಯದಲ್ಲಿ ಇಬ್ಬರು ಮಕ್ಕಳಿಗೆ ಆನೆಗಳ ಅಂತ್ಯಾಟ ಕಲಿಸಬಹುದು. ಬೆಂಗಳೂರಿನಲ್ಲಿ 2024ರಿಂದ ಅಂತರರಾಷ್ಟ್ರೀಯ ಗ್ರಾಂಡ್‌ಮಾಸ್ಟರ್ ಓಪನ್ ಪಂದ್ಯಾವಳಿ ಶುರುವಾಗಿದೆ. ಅಲ್ಲಿಗೆ ಹೋಗಿ ಒಂದು ಸುತ್ತು ನಿಂತು ನೋಡಿದರೆ ಸಿಗುವ ಪಾಠ ಹಳೆಯ ಹಾಳೆಯಿಂದ ಸಿಗುವುದಿಲ್ಲ.

ಹಳೆಯ ಹಾಳೆ (ಸಾಗರ):

ಅರವತ್ತನಾಲ್ಕು ಅವರೇ, ತಪ್ಪಿಲ್ಲದ ಆಟವನ್ನೇ ಉಳಿಸಬೇಕೆಂದರೆ ಸಿಂಗಪುರದಲ್ಲಿ 2024ರ ಡಿಸೆಂಬರ್ 12ರಂದು ನಡೆದ ಹದಿನಾಲ್ಕನೆಯ ಆಟವನ್ನೂ ಮರೆಯಬೇಕಾಗುತ್ತದೆ. ಗುಕೇಶ್ ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದದ್ದು ಆ ದಿನ. ನಮ್ಮ ಕ್ಲಬ್ಬಿನಲ್ಲಿ ಸುಮಾರು ಇಪ್ಪತ್ತು ಮಂದಿ ಒಂದು ಪರದೆಯ ಮುಂದೆ ಕುಳಿತಿದ್ದೆವು. ಗುಕೇಶ್ ಕಡೆ ಒಂದು ಕಾಲಾಳು ಹೆಚ್ಚಿತ್ತು, ಎರಡೂ ಕಡೆ ಆನೆ ಮತ್ತು ಒಂದೇ ಬಣ್ಣದ ಚೌಕದಲ್ಲಿ ಓಡುವ ಒಂಟೆ ಇದ್ದವು, ಡ್ರಾ ಆಗುತ್ತದೆಂದು ಕೆಲವರು ಚಪ್ಪಲಿ ಹಾಕಿಕೊಂಡು ಎದ್ದೂ ಇದ್ದರು. ಐವತ್ತೈದನೆಯ ನಡೆಯಲ್ಲಿ ಎದುರಾಳಿ, ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2 ಚೌಕಕ್ಕೆ ತಂದರು. ಗುಕೇಶ್ ಆನೆಗಳನ್ನು ಬದಲಾಯಿಸಿ, ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟು, ಅದನ್ನೂ ಬದಲಾಯಿಸುವಂತೆ ಮಾಡಿದರು. ಉಳಿದದ್ದು ರಾಜ ಮತ್ತು ಕಾಲಾಳುಗಳು ಮಾತ್ರ, ಮತ್ತು ಅಲ್ಲಿ ಆ ಒಂದು ಕಾಲಾಳೇ ಸಾಕಾಯಿತು. ಐವತ್ತೆಂಟನೆಯ ನಡೆಗೆ ಆಟ ಮುಗಿಯಿತು.

ಈ ಆಟ ಇಷ್ಟು ಮಂದಿಗೆ ನೆನಪಿರುವುದು ಆ ಒಂದು ತಪ್ಪಿನಿಂದಾಗಿ. ಆ ರಾತ್ರಿ ಮನೆಗೆ ಬಂದು ಮೇಷ್ಟ್ರ ಪೆಟ್ಟಿಗೆ ತೆಗೆದಾಗ ಅದೇ ತಪ್ಪನ್ನು ನಮ್ಮೂರಿನ ಹುಡುಗನೊಬ್ಬ ಮಾಡಿದ ಹಾಳೆ ಸಿಕ್ಕಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಹಾಗಾಗಲಿಲ್ಲ. ಸಿಕ್ಕಿದ್ದು ಎರಡು ವಾರ ಬಿಟ್ಟು. ಅಂಚಿನಲ್ಲಿ ಮೇಷ್ಟ್ರು ‘ಕೊನೆಯ ಕಾಯಿ ಬದಲಾಯಿಸುವ ಮೊದಲು ಕಾಲಾಳುಗಳನ್ನು ಎಣಿಸು’ ಎಂದು ಬರೆದಿದ್ದಾರೆ. ಎಂಜಿನ್ ಆ ಜಾಗದಲ್ಲಿ ಒಂದು ಅಂಕಿಯನ್ನು ತೋರಿಸುತ್ತದೆ.

ತುಂಗೆಯ ದಂಡೆ (ಶಿವಮೊಗ್ಗ):

ನನ್ನ ಮನಸ್ಸಿನಲ್ಲಿ ಉಳಿದಿರುವ ಆಟವನ್ನು ನಾನು ಕೇಳಿದ್ದೇನೆ, ನೋಡಿದ್ದೆನೆಂದು ಹೇಳಲಾರೆ. ದೃಷ್ಟಿದೋಷವುಳ್ಳವರ ಚದುರಂಗಕ್ಕೆ ನಮ್ಮ ಊರಿನ ಕಿಶನ್ ಗಂಗೊಳ್ಳಿ ತಂದುಕೊಟ್ಟ ಹೆಸರು ಇಲ್ಲಿಯ ಹೆಚ್ಚಿನವರಿಗೆ ಗೊತ್ತಿದೆ. ಅವರು ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಒಂದಕ್ಕಿಂತ ಹೆಚ್ಚು ಬಾರಿ ಗೆದ್ದವರು. ಅವರ ಸಾಧನೆಯನ್ನು ಪತ್ರಿಕೆಯಲ್ಲಿ ಓದಿ ಕುತೂಹಲದಿಂದ ಅಂಥದೊಂದು ಪಂದ್ಯಾವಳಿಗೆ ನಾನು ಸ್ವಯಂಸೇವಕನಾಗಿ ಹೋಗಿದ್ದೆ.

ಅಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಬೋರ್ಡು ಇರುತ್ತದೆ. ಕಪ್ಪು ಚೌಕಗಳು ತುಸು ಎತ್ತರದಲ್ಲಿರುತ್ತವೆ, ಪ್ರತಿ ಚೌಕದಲ್ಲೂ ಕಾಯಿಯ ಮೊಳೆ ಕೂರುವ ತೂತಿರುತ್ತದೆ, ಒಂದು ಬಣ್ಣದ ಕಾಯಿಗಳಿಗೆ ಬೆರಳಿಗೆ ಸಿಗುವ ಗುರುತಿರುತ್ತದೆ. ತೂತಿನಿಂದ ಕಾಯಿಯನ್ನು ಹೊರತೆಗೆದರೆ ಮಾತ್ರ ಅದನ್ನು ‘ಮುಟ್ಟಿದಂತೆ’. ಬೆರಳಾಡಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ನಡೆಯನ್ನು ಗಟ್ಟಿಯಾಗಿ ಹೇಳಬೇಕು, ಎದುರಾಳಿ ಅದನ್ನು ಮತ್ತೆ ಹೇಳಿ ತನ್ನ ಬೋರ್ಡಿನಲ್ಲಿ ಇಡಬೇಕು. ಬಿ ಮತ್ತು ಡಿ, ಸಿ ಮತ್ತು ಇ ಕಿವಿಗೆ ಒಂದೇ ಥರ ಕೇಳಿಸಬಾರದೆಂದು ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂಬ ಹೆಸರುಗಳಿಂದ ಸಾಲುಗಳನ್ನು ಕರೆಯುತ್ತಾರೆ. ಚದುರಂಗದ ಸಭಾಂಗಣವೆಂದರೆ ಮೌನ ಎಂದುಕೊಂಡಿದ್ದ ನನಗೆ, ‘ಬೆಲ್ಲಾ ನಾಲ್ಕು’, ‘ಹೆಕ್ಟರ್ ಐದು’ ಎಂಬ ಮೆಲುದನಿಗಳಿಂದ ತುಂಬಿದ ಆ ಕೋಣೆ ಸಂತೆಯ ಹಾಗೂ ಕಂಡಿತು, ದೇವಸ್ಥಾನದ ಮಂತ್ರಪಠಣದ ಹಾಗೂ ಕೇಳಿಸಿತು.

ನಾನು ಕುಳಿತ ಮೇಜಿನಲ್ಲಿ ಹಿರಿಯರೊಬ್ಬರು ಸೋಲಿನಂಚಿನಲ್ಲಿದ್ದರು. ಎದುರಾಳಿಗೆ ಬಿಳಿ ಚೌಕದ ಒಂಟೆ ಮತ್ತು ಎರಡು ಕಾಲಾಳು. ಇವರಿಗೆ ಒಂದು ಕುದುರೆ. ಇವರು ತುಂಬ ಹೊತ್ತು ಬೆರಳಾಡಿಸಿ, ಕುದುರೆಯನ್ನು ಕೊಟ್ಟು ನಡುವಿನ ಕಾಲಾಳನ್ನು ತೆಗೆದುಬಿಟ್ಟರು. ನನಗೆ ಅದು ಹತಾಶೆ ಎನ್ನಿಸಿತು. ಉಳಿದದ್ದು ಎ ಸಾಲಿನ ಕಪ್ಪು ಕಾಲಾಳು, ಅದು ರಾಣಿಯಾಗಬೇಕಾದದ್ದು ಎ1ರಲ್ಲಿ, ಎ1 ಕಪ್ಪು ಚೌಕ, ಒಂಟೆ ಓಡುವುದು ಬಿಳಿಯಲ್ಲಿ. ಹಿರಿಯರ ರಾಜ ಆ ಮೂಲೆಗೆ ಹೋಗಿ ಕುಳಿತ. ಇಡೀ ಸೈನ್ಯ ಬಂದರೂ ಅವನನ್ನು ಅಲ್ಲಿಂದ ಎಬ್ಬಿಸಲಾಗದು. ಪುಸ್ತಕದಲ್ಲಿರುವ ಡ್ರಾ ಅದು, ನಿಜ. ಆದರೆ ಯಾವ ಚೌಕ ಕಪ್ಪು, ಯಾವುದು ಬಿಳಿ ಎಂಬುದನ್ನು ಬೆರಳ ತುದಿಯಿಂದ ತಿಳಿಯುವವರು ಅದನ್ನು ಹತ್ತು ನಡೆ ಮೊದಲೇ ಕಂಡಿದ್ದರು, ಕಣ್ಣಿದ್ದ ನಾನು ಕಂಡಿರಲಿಲ್ಲ.

ಹಾಳೆ ನನ್ನ ಬಳಿ ಇಲ್ಲ. ಅವರು ನಡೆಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಅಂಥ ಧ್ವನಿಮುದ್ರಣಗಳೂ ಈ ಸಂಗ್ರಹಕ್ಕೆ ಸೇರಬೇಕೆಂಬುದು ನನ್ನ ಸಲಹೆ.

ಕರಾವಳಿ ಕಾಲಾಳು (ಉಡುಪಿ):

ತುಂಗೆಯ ದಂಡೆಯವರ ಬರಹವನ್ನು ಎರಡು ಸಲ ಓದಿದೆ. ನಮ್ಮ ಕಡೆಯವರ ಪರವಾಗಿ ಇಷ್ಟು ಮಾತ್ರ ಸೇರಿಸುತ್ತೇನೆ: ಬೆಳ್ತಂಗಡಿಯ ಇಶಾ ಶರ್ಮಾ ವುಮನ್ ಗ್ರಾಂಡ್‌ಮಾಸ್ಟರ್ ಆದ ಮೇಲೆ ಇಲ್ಲಿಯ ತರಬೇತಿ ಶಿಬಿರಗಳಲ್ಲಿ ಹೆಣ್ಣುಮಕ್ಕಳ ಪಾಲಕರು ಕೇಳುವ ಪ್ರಶ್ನೆಗಳು ಬದಲಾಗಿವೆ. ಮೊದಲು ‘ಓದಿಗೆ ತೊಂದರೆಯಾಗುವುದಿಲ್ಲವೇ’ ಎಂದು ಕೇಳುತ್ತಿದ್ದವರು ಈಗ ‘ಮುಂದಿನ ಪಂದ್ಯಾವಳಿ ಎಲ್ಲಿ’ ಎಂದು ಕೇಳುತ್ತಾರೆ. ನನ್ನ ಬಳಿ ಹಾಳೆಗಳಿವೆ, ಆದರೆ ಅವು ಎರಡು ಮಳೆಗಾಲ ಕಂಡಿವೆ. ಬೂಷ್ಟು ಹಿಡಿದ ಕಾಗದವನ್ನು ಬಿಡಿಸುವ ಉಪಾಯ ಯಾರಿಗಾದರೂ ಗೊತ್ತೇ?

ಗಡಿಯಾರದವರು (ಹಾಸನ):

ಬೂಷ್ಟಿನ ವಿಷಯ ನನಗೆ ತಿಳಿಯದು. ನೆನಪಿನ ಆಟ ಕೇಳಿದ್ದಿರಿ; ನನ್ನದು ನಡೆಗಳಿಗಿಂತ ಜಗಳದಿಂದ ನೆನಪಿರುವ ಆಟ.

ಪ್ರತಿ ನಡೆಗೆ ಹೆಚ್ಚುವರಿ ಸೆಕೆಂಡುಗಳು ಸಿಗದ ರ‍್ಯಾಪಿಡ್ ಪಂದ್ಯ ಅದು. ಒಬ್ಬ ಹುಡುಗನ ಬಳಿ ರಾಜ ಮತ್ತು ಹೆಚ್6ರಲ್ಲಿ ಒಂದು ಕಾಲಾಳು. ಎದುರಿಗಿದ್ದ ಹಿರಿಯ ಆಟಗಾರರ ಬಳಿ ರಾಜ ಮತ್ತು ಒಂದೇ ಕುದುರೆ. ಹುಡುಗನ ಸಮಯ ಮುಗಿಯಿತು. ಹಿರಿಯರು ಗಡಿಯಾರ ನಿಲ್ಲಿಸಿ ಗೆಲುವು ಕೇಳಿದರು. ಸುತ್ತ ನಿಂತವರೆಲ್ಲ ನಕ್ಕರು, ಏಕೆಂದರೆ ಒಂಟಿ ಕುದುರೆಯಿಂದ ಮಾತ್ ಆಗುವುದಿಲ್ಲವೆಂಬುದು ಎರಡನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ನಿಯಮ ಕೇಳುವ ಪ್ರಶ್ನೆ ಬೇರೆ. ಸಮಯ ಮುಗಿದವನು ಸೋಲುತ್ತಾನೆ; ಯಾವುದೇ ನ್ಯಾಯಬದ್ಧ ನಡೆಗಳ ಸರಣಿಯಿಂದಲೂ, ಅಂದರೆ ಅವನೇ ಎಷ್ಟೇ ಮೂರ್ಖನಾಗಿ ಆಡಿದರೂ, ಎದುರಾಳಿಗೆ ಮಾತ್ ಮಾಡಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಡ್ರಾ.

ನಾನು ಬೋರ್ಡಿನ ಮೇಲೆ ತೋರಿಸಿದೆ. ಆ ಕಾಲಾಳು ಹೆಚ್8ಕ್ಕೆ ಹೋಗಿ ರಾಣಿಯಾಗದೆ ಒಂಟೆಯಾಗಲಿ. ಆ ಒಂಟೆ ಹೆಚ್2ಕ್ಕೆ ಬಂದು ಕೂರಲಿ, ಅದರ ರಾಜ ಹೆಚ್1ಕ್ಕೆ ಬರಲಿ. ಕಪ್ಪು ರಾಜ ಎಫ್1ರಲ್ಲಿ, ಕುದುರೆ ಎಫ್2ರಲ್ಲಿ ನಿಂತರೆ ಬಿಳಿಯ ರಾಜನಿಗೆ ಒಂದು ಕಡೆ ತನ್ನದೇ ಒಂಟೆ ಅಡ್ಡ, ಉಳಿದ ಎರಡು ಚೌಕಗಳಿಗೆ ಎದುರಿನ ರಾಜನ ಕಾವಲು, ಮಾತ್. ಆದ್ದರಿಂದ ಹುಡುಗ ಸೋತ. ಅವನ ತಂದೆ ನನ್ನೊಡನೆ ಅರ್ಧ ಗಂಟೆ ವಾದಿಸಿದರು. ಅವರ ಜಾಗದಲ್ಲಿದ್ದರೆ ನಾನೂ ವಾದಿಸುತ್ತಿದ್ದೆ. ವಿಚಿತ್ರವೆಂದರೆ ಹುಡುಗ ಎರಡು ನಡೆ ಬೇಗ ಆಡಿ ಆ ಕಾಲಾಳನ್ನು ರಾಣಿ ಮಾಡಿ, ಆಮೇಲೆ ಸಮಯ ಕಳೆದುಕೊಂಡಿದ್ದರೆ ಫಲಿತಾಂಶ ಡ್ರಾ ಆಗುತ್ತಿತ್ತು, ಏಕೆಂದರೆ ರಾಣಿ ಮಾತ್ರ ಇರುವ ರಾಜನನ್ನು ಒಂಟಿ ಕುದುರೆ ಮಾತ್ ಮಾಡುವ ಸ್ಥಿತಿಯನ್ನು ಯಾರೂ ಕಟ್ಟಲಾರರು. ನಂಬಿಕೆಯಿಲ್ಲದವರು ಇವತ್ತು ರಾತ್ರಿ ಕಾಯಿಗಳನ್ನಿಟ್ಟು ಪ್ರಯತ್ನಿಸಬಹುದು.

ಅರವತ್ತನಾಲ್ಕು (ಬೆಂಗಳೂರು):

ಪ್ರಯತ್ನಿಸಿದೆ. ರಾಣಿಯನ್ನು ಎಲ್ಲಿಟ್ಟರೂ ಅದು ಕುದುರೆಯನ್ನು ಹೊಡೆಯುತ್ತದೆ, ಇಲ್ಲದಿದ್ದರೆ ರಾಜನಿಗೆ ದಾರಿ ಬಿಡುತ್ತದೆ. ಗಡಿಯಾರದವರ ತೀರ್ಪು ಸರಿ. ಇಂಥ ಒಂದು ಆಟವನ್ನು ನಾನು ಯಾವ ಡೇಟಾಬೇಸಿನಲ್ಲಿಯೂ ಹುಡುಕುತ್ತಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಎಲ್ಲ ಹಾಳೆಗಳನ್ನೂ ಉಳಿಸಬೇಕೆಂಬುದಕ್ಕಿಂತ ಆಯ್ದು ಉಳಿಸಬೇಕೆಂಬ ನನ್ನ ಮಾತನ್ನು ಬಿಟ್ಟಿಲ್ಲ.

ದಸರಾ ಕುದುರೆ (ಮೈಸೂರು):

ಆಯ್ಕೆಯ ಪ್ರಶ್ನೆ ಬಂದದ್ದರಿಂದ ನಮ್ಮ ಊರಿನ ಹಳೆಯ ಉದಾಹರಣೆಯೊಂದನ್ನು ಮುಂದಿಡುತ್ತೇನೆ. ಚದುರಂಗದ ವಿಷಯದಲ್ಲಿ ಕನ್ನಡ ನಾಡಿನ ಅರಸರು ಬರೆದಿಡುವುದರಲ್ಲಿ ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ಚದುರಂಗಕ್ಕೂ ಜಾಗವಿದೆ. ಏಳು ಶತಮಾನಗಳ ಮೇಲೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವ ತನಕ ಅವರ ಆಸಕ್ತಿಯ ದೊಡ್ಡ ಪಾಲು ಗ್ರಂಥರಚನೆಗೆ, ಚಿತ್ರಕಲೆಗೆ, ಆಟಗಳಿಗೆ ಹೋಯಿತು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಕಾಲದ ಆಟಗಳ ಮನೆಗಳನ್ನು ಬಣ್ಣದಲ್ಲಿ ಬಿಡಿಸಲಾಗಿದೆ.

ಅವರಿಗೆ ವಿಶೇಷವಾಗಿ ಪ್ರಿಯವಾಗಿದ್ದದ್ದು ಕುದುರೆಯ ಓಟ. ಒಂದು ಕುದುರೆ ತನ್ನ ನಡೆಯಲ್ಲೇ ಸಾಗುತ್ತ ಅರವತ್ತನಾಲ್ಕು ಮನೆಗಳಿಗೂ ತಲಾ ಒಂದೇ ಬಾರಿ ಕಾಲಿಡಬೇಕು. ಹೋದ ಕ್ರಮದಲ್ಲಿ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರ ತನಕ ಸಂಖ್ಯೆ ಹಾಕಿದಾಗ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ 260 ಆಗುವಂತೆ ಓಡಿಸುವುದು ಇನ್ನೂ ಕಠಿಣ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳೂ 260 ಆಗುವಂತೆ ಎಂಟು ಮನೆಯ ಹಲಗೆಯಲ್ಲಿ ಮಾಡಲು ಸಾಧ್ಯವೇ ಇಲ್ಲವೆಂಬುದು 2003ರಲ್ಲಿ, ಕಂಪ್ಯೂಟರುಗಳು ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಮುಮ್ಮಡಿಯವರು ಇಂಥ ಓಟಗಳನ್ನು ರಚಿಸಿ ದಾಖಲಿಸಿದ್ದರಿಂದ ಅವುಗಳನ್ನು ಇಂದಿಗೂ ಗಣಿತದ ವಿನೋದದಲ್ಲಿ ಆಸಕ್ತಿಯಿರುವವರು ಮೈಸೂರಿನ ರಾಜನ ಹೆಸರಿನಲ್ಲೇ ಚರ್ಚಿಸುತ್ತಾರೆ.

ಈಗ ನನ್ನ ಮಾತಿಗೆ ಬರುತ್ತೇನೆ. ಅದೇ ಅರಮನೆಯಲ್ಲಿ ಅರಸರು ಯಾರೊಡನೆಯಾದರೂ ಆಡಿದ ಒಂದೇ ಒಂದು ಪೂರ್ತಿ ಆಟ ಸಿಕ್ಕಿದ್ದರೆ! ಎದುರಿಗೆ ಕುಳಿತ ಆಸ್ಥಾನಿಕ ಗೆಲ್ಲುವ ಧೈರ್ಯ ಮಾಡುತ್ತಿದ್ದನೇ, ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟನೊಡನೆ ಆಡುವಾಗ ದೊರೆ ಹೇಗೆ ಆಡುತ್ತಿದ್ದರು ಎಂಬುದನ್ನು ಹೇಳುವ ನಡೆಗಳ ಪಟ್ಟಿ ನಾನು ಓದಿದ ಯಾವುದರಲ್ಲಿಯೂ ಇಲ್ಲ. ಅವರ ಕಾಲದವರು ಸುಂದರವಾದದ್ದನ್ನು ಆಯ್ದು ಉಳಿಸಿದರು. ಸಾಮಾನ್ಯವಾದದ್ದು ಹೋಯಿತು, ಮತ್ತು ಇಂದು ನಮಗೆ ಬೇಕೆನ್ನಿಸುವುದು ಆ ಸಾಮಾನ್ಯವಾದದ್ದೇ. ಯಾವುದು ಬೇಕಾಗುತ್ತದೆ ಎಂಬುದನ್ನು ಬರೆಯುವವರ ಕಾಲದಲ್ಲಿ ಹೇಳಲಾಗುವುದಿಲ್ಲ ಎಂಬ ಕಾರಣಕ್ಕಾಗಿಯೇ ನಾನು ಆಯ್ಕೆಯ ವಿರೋಧಿ.

ಬಯಲುಸೀಮೆ ಆನೆ (ಚಿತ್ರದುರ್ಗ):

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಂಜೆ ತರಗತಿ ನಡೆಸುತ್ತೇನೆ. ಮಕ್ಕಳು ಬರೆಯುವುದೇ ಕಡಿಮೆಯಾಗಿದೆ ಎಂಬ ಮಾತು ಬಂತು. ನಮ್ಮಲ್ಲಿ ಅದಕ್ಕೊಂದು ಸರಳ ಕಾರಣವಿದೆ: ಕುದುರೆಗೆ ಇಂಗ್ಲಿಷಿನ ‘ಎನ್’ ಏಕೆ ಎಂಬುದು ಮಕ್ಕಳಿಗೆ ಅರ್ಥವಾಗುವುದಿಲ್ಲ, ‘ಕೆ’ ಎಂದು ಬರೆದು ರಾಜನನ್ನು ಕುದುರೆ ಮಾಡಿಬಿಡುತ್ತಾರೆ. ನಾನು ‘ಕು’, ‘ಒಂ’, ‘ಆ’, ‘ರಾ’ ಎಂದೇ ಬರೆಸುತ್ತೇನೆ. ರಾಣಿ ಎಂದರೆ ಅದೂ ‘ರಾ’ ಆಗುವುದರಿಂದ ನಮ್ಮಜ್ಜನ ಕಾಲದ ‘ಮಂತ್ರಿ’ಯನ್ನು ವಾಪಸು ತಂದು ‘ಮಂ’ ಎಂದಿಟ್ಟಿದ್ದೇನೆ. ಪಂದ್ಯಾವಳಿಯಲ್ಲಿ ಇದಕ್ಕೆ ಆಕ್ಷೇಪ ಬಂದರೆ ಏನು ಮಾಡುವುದೆಂಬ ಭಯವಿದೆ.

ಗಡಿಯಾರದವರು (ಹಾಸನ):

ಭಯ ಬೇಡ. ಕಾಯಿಯ ಹೆಸರಿನ ಮೊದಲ ಅಕ್ಷರವನ್ನು ಆಟಗಾರ ತನ್ನ ದೇಶದಲ್ಲಿ ಬಳಕೆಯಲ್ಲಿರುವ ಹೆಸರಿನಿಂದ ತೆಗೆದುಕೊಳ್ಳಬಹುದೆಂದು ಫಿಡೆ ನಿಯಮಗಳ ಅನುಬಂಧವೇ ಹೇಳುತ್ತದೆ. ಜರ್ಮನ್ನರು, ರಷ್ಯನ್ನರು ತಮ್ಮ ಭಾಷೆಯಲ್ಲೇ ಬರೆಯುತ್ತಾರೆ. ಚೌಕದ ಹೆಸರು ಮಾತ್ರ ಎಲ್ಲರಿಗೂ ಒಂದೇ, ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಸುತ್ತು ಆರಂಭವಾಗುವ ಮೊದಲು ಆರ್ಬಿಟರಿಗೆ ಒಂದು ಮಾತು ತಿಳಿಸಿರಿ, ಅಷ್ಟೇ. ನಿಮ್ಮ ಮಕ್ಕಳು ‘ಮಂ’ ಎಂದು ಬರೆದ ಹಾಳೆಯೊಂದನ್ನು ನನಗೂ ಕಳುಹಿಸಿ.

ಎರಡನೇ ಸಾಲಿನ ತಾಯಿ (ಬೆಂಗಳೂರು):

ಸಂಗ್ರಹಿಸುವವರಿಗೆ ಒಂದು ಸೂಚನೆ. ಹಾಳೆಯ ಮೇಲಿನ ರೇಟಿಂಗನ್ನು ದಿನಾಂಕವಿಲ್ಲದೆ ನಕಲು ಮಾಡಬೇಡಿ. 2024ರ ಮಾರ್ಚ್ ಒಂದರಂದು ಫಿಡೆ 2000ಕ್ಕಿಂತ ಕೆಳಗಿದ್ದವರ ಅಂಕಗಳನ್ನೆಲ್ಲ ಏರಿಸಿತು. 2000ಕ್ಕೆ ಎಷ್ಟು ಕೊರತೆಯೋ ಅದರಲ್ಲಿ ನೂರಕ್ಕೆ ನಲವತ್ತರಷ್ಟು ಸೇರಿಸಿತು. ನನ್ನ ಮಗಳು 1100ರಲ್ಲಿ ಮಲಗಿ 1460ರಲ್ಲಿ ಎದ್ದಳು. ಏನೂ ಆಡದೆ ಮುನ್ನೂರರವತ್ತು ಅಂಕ ಬಂದದ್ದಕ್ಕೆ ಅವಳಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಗಿತ್ತು. ಇಪ್ಪತ್ತು ವರ್ಷದ ಮೇಲೆ ಹಾಳೆ ನೋಡುವವರಿಗೆ ಈ ಏರಿಕೆಯ ಕಾರಣ ತಿಳಿಯದಿದ್ದರೆ, ಯಾರು ಯಾರಿಗೆ ಸೋತದ್ದು ಆಶ್ಚರ್ಯ ಎಂಬುದೇ ತಲೆಕೆಳಗಾಗುತ್ತದೆ.

ಹಳೆಯ ಹಾಳೆ (ಸಾಗರ):

ಉಪಯುಕ್ತ ಸೂಚನೆ, ದಿನಾಂಕದ ಕಾಲಂ ಸೇರಿಸಿದ್ದೇನೆ. ಈ ತನಕ ಮೂವತ್ತೊಂದು ಆಟಗಳನ್ನು ಟೈಪು ಮಾಡಿಯಾಯಿತು. ಹಳೆಯವುಗಳಲ್ಲಿ ‘ಪಿ-ಕೆ4’ (ಕಾಲಾಳು ರಾಜನ ಸಾಲಿನ ನಾಲ್ಕನೆಯ ಮನೆಗೆ) ಎಂಬ ಇಂಗ್ಲಿಷ್ ಶೈಲಿಯ ಬರವಣಿಗೆಯಿದೆ. ಫಿಡೆ ಅದಕ್ಕೆ ಮಾನ್ಯತೆ ನಿಲ್ಲಿಸಿದ್ದು 1981ರಲ್ಲಾದರೂ ನಮ್ಮ ಮೇಷ್ಟ್ರು ಬಹುಕಾಲ ಬಿಟ್ಟಿರಲಿಲ್ಲ. ಅದರಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಸಾಲು ಎಣಿಸುತ್ತಾರೆ, ಬಿಳಿಯ ಕೆ4 ಎಂದರೆ ಇ4, ಕಪ್ಪಿನ ಕೆ4 ಎಂದರೆ ಇ5. ಇದನ್ನು ಮರೆತು ಮೊದಲ ಎರಡು ಆಟಗಳಲ್ಲಿ ಕಾಲಾಳಿನ ಮೇಲೆ ಕಾಲಾಳು ಕೂರಿಸಿದ್ದೆ.

ಒಂದು ಆಟದಲ್ಲಿ ಸಿಕ್ಕಿಕೊಂಡಿದ್ದೇನೆ. ಮೇಷ್ಟ್ರು ಬಿಳಿ, ತೊಂಬತ್ತರ ದಶಕದ ಜಿಲ್ಲಾ ಪಂದ್ಯ, ಆ ಕಾಲಕ್ಕೆ ಅವರೂ ಹೊಸ ಶೈಲಿಗೆ ಬಂದಿದ್ದರು. ಹದಿನಾಲ್ಕನೆಯ ನಡೆಯಲ್ಲಿ ‘ಆನೆ ಡಿ1’ ಎಂದಷ್ಟೇ ಇದೆ. ಎ1 ಮತ್ತು ಎಫ್1 ಎರಡೂ ಕಡೆ ಆನೆಗಳಿವೆ, ನಡುವೆ ಏನೂ ಇಲ್ಲ, ಎರಡೂ ಡಿ1ಕ್ಕೆ ಬರಬಹುದು. ಯಾವುದು ಬಂತು?

ಅರವತ್ತನಾಲ್ಕು (ಬೆಂಗಳೂರು):

ಮುಂದಿನ ನಡೆಗಳನ್ನು ಹಾಕಿರಿ. ಆನೆಗಳು ಮತ್ತೆ ಯಾವಾಗ ಚಲಿಸುತ್ತವೆ?

ಹಳೆಯ ಹಾಳೆ (ಸಾಗರ):

ಇಪ್ಪತ್ತೊಂದನೆಯ ನಡೆ ‘ಆನೆ ಎಫ್-ಇ1’. ನಡುವೆ ಆನೆಗಳ ನಡೆಯೇ ಇಲ್ಲ. ಕೊನೆಯ ಐದು ನಡೆಗಳ ಜಾಗದಲ್ಲಿ ಇಲಿ ಕಚ್ಚಿದೆ.

ಅರವತ್ತನಾಲ್ಕು (ಬೆಂಗಳೂರು):

ಹಾಗಿದ್ದರೆ ಗಂಟು ಬಿಚ್ಚಿತು. ಇಪ್ಪತ್ತೊಂದರಲ್ಲಿ ಎಫ್ ಸಾಲಿನ ಆನೆ ಇ1ಕ್ಕೆ ಬಂತೆಂದರೆ ಅಲ್ಲಿಯವರೆಗೂ ಅದು ಎಫ್1ರಲ್ಲೇ ಇತ್ತು. ಆದ್ದರಿಂದ ಹದಿನಾಲ್ಕರಲ್ಲಿ ಡಿ1ಕ್ಕೆ ಬಂದದ್ದು ಎ1ರ ಆನೆ. ಡಿ1ರ ಆನೆಯೂ ಇ1ಕ್ಕೆ ಬರಬಹುದಾಗಿದ್ದರಿಂದಲೇ ಈ ಸಲ ಮೇಷ್ಟ್ರು ‘ಎಫ್’ ಎಂದು ಸೇರಿಸಿ ಬರೆದಿದ್ದಾರೆ. ಕಪ್ಪಿನವರ ಇಪ್ಪತ್ತನಾಲ್ಕನೆಯ ನಡೆಯನ್ನೂ ಕಳುಹಿಸುತ್ತೀರಾ? ಅಲ್ಲಿ ಒಂಟೆಯ ಬಲಿಯ ವಾಸನೆ ಬರುತ್ತಿದೆ. ಎಂಜಿನ್ ಹಾಕುವ ಮೊದಲು ನಾನೇ ಲೆಕ್ಕ ಹಾಕಿ ನೋಡುತ್ತೇನೆ.

ಬಯಲುಸೀಮೆ ಆನೆ (ಚಿತ್ರದುರ್ಗ):

ಕ್ಷಮಿಸಿ, ಇದು ಜಿಲ್ಲಾ ಪಂದ್ಯದ ಕೊನೆಯ ಸುತ್ತೇ? ಕಪ್ಪಿನ ಇಪ್ಪತ್ತನಾಲ್ಕನೆಯ ನಡೆ ಒಂಟೆಯಿಂದ ಹೆಚ್3ರ ಕಾಲಾಳನ್ನು ಹೊಡೆದದ್ದಾದರೆ, ಆ ಕಪ್ಪಿನವನು ನಾನು. ಆಗ ನನಗೆ ಹದಿನಾರು, ಶಿವಮೊಗ್ಗದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಮೇಷ್ಟ್ರು ಮೂವತ್ತೆಂಟನೆಯ ನಡೆಗೆ ಕೈ ಕುಲುಕಿ, ನನ್ನ ಹಾಳೆಯನ್ನು ಕೇಳಿ ಪಡೆದು, ಅದರಲ್ಲಿ ನಾನು ತಪ್ಪಾಗಿ ಬರೆದಿದ್ದ ಒಂದು ನಡೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಟ್ಟಿದ್ದರು. ಆ ಹಾಳೆ ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಯ ಜೊತೆಗೆ ಬೀರುವಿನಲ್ಲಿದೆ. ಕೊನೆಯ ಐದು ನಡೆಗಳು ಸ್ಪಷ್ಟವಾಗಿವೆ. ಇಂದು ಸಂಜೆ ತರಗತಿ ಮುಗಿದ ಮೇಲೆ ಫೋಟೋ ತೆಗೆದು ಹಾಕುತ್ತೇನೆ.